ಕಡ್ಡಿ ನೋಡಿ ಮಾತಾಡುತ್ತಿದ್ದ ಮೇಸ್ತ್ರಿ

ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಮೂಗಿನ ತುದಿಯಲ್ಲಿ ಒಂದು ಕಪ್ಪು ಬೊಟ್ಟು. ವಿಭೂತಿ ಬೆಳಿಗ್ಗೆ ಮನೆಯಲ್ಲಿ ಧರಿಸಿದ್ದು, ಬೊಟ್ಟು ಶೆಡ್ಡಿಗೆ ಬಂದ ಮೊದಲ ಗಾಡಿಯದು. ಚನ್ನಪಟ್ಟಣದಲ್ಲಿ ನಮ್ಮ ಕಾರು ನೋಡುತ್ತಿದ್ದ ಮೇಸ್ತ್ರಿಗಳು ಯಾವ ಗಾಡಿ ಬಂದರೂ ಮೊದಲು ಬಾನೆಟ್ ಎತ್ತಿ, ಇಂಜಿನ್ ಆಯಿಲ್ ಅಳೆಯುವ ಕಡ್ಡಿಯನ್ನು ಹೊರಗೆಳೆಯುತ್ತಿದ್ದರು. ಅದರ ತುದಿಯ ಎಣ್ಣೆಯನ್ನು ಎರಡು ಬೆರಳಿನ ನಡುವೆ ಉಜ್ಜಿ ಮೂಸಿ ನೋಡುತ್ತಿದ್ದರು. ಹಾರ್ನ್ ಕೆಟ್ಟಿದೆ ಎಂದು ಹೋದರೂ ಅಷ್ಟೇ. ನಾನು ತೊಂದರೆ ಹೇಳಲು ಬಾಯಿ ತೆರೆದರೆ, "ಒಸಿ ತಾಳಿ ಮೇಡಮ್ನೋರೆ. ಮೊದ್ಲು ಕಡ್ಡಿ ಏನಂದದೋ ನೋಡಾನ" ಎನ್ನುತ್ತಿದ್ದರು.

ಟ್ರ್ಯಾಕ್ಟರು, ಪಂಪ್‌ಸೆಟ್ಟುಗಳಲ್ಲಿ ಕೆಲಸ ಕಲಿತು ಕಾರಿಗೆ ಬಂದವರು ಅವರು. ಶೆಡ್ಡಿನ ಗೂಡಿನಲ್ಲಿ ಹಳೆಯ ಲಗ್ನಪತ್ರಿಕೆಗಳ ಒಂದು ಕಟ್ಟು ಇರುತ್ತಿತ್ತು. ಅದರ ಹಿಂಬದಿಯ ಬಿಳಿ ಜಾಗದಲ್ಲಿ ಎಣ್ಣೆಯ ತೊಟ್ಟು ಬಿಟ್ಟು, ಅದು ಹರಡುವ ರೀತಿ ನೋಡುತ್ತಾ ಟೀ ಕುಡಿಯುವುದು ಅವರ ಅಭ್ಯಾಸ. ಎಷ್ಟೋ ಸಲ ಟೀ ಆರಿ ಹೋಗುತ್ತಿತ್ತು.

ನಮ್ಮದು ಹೊಂಗನೂರು. ನಾನು ಮೂರು ಕಿಲೋಮೀಟರ್ ಆಚೆಯ ಊರಿನ ಶಾಲೆಯಲ್ಲಿ ಟೀಚರ್. ದಿನಾ ಹೋಗಿಬರಲು ಒಂದು ಹಳೆಯ ಪೆಟ್ರೋಲ್ ಕಾರು ತೆಗೆದುಕೊಂಡಿದ್ದೆವು. ಅದು ನಿಲ್ಲುತ್ತಿದ್ದದ್ದು ಮನೆಯ ಮುಂದಿನ ಅಂಗಳದಲ್ಲಿ. ಅಂಗಳ ಒಂದೇ, ಬಾಗಿಲು ಎರಡು. ಒಂದು ನಮ್ಮದು, ಇನ್ನೊಂದು ನನ್ನ ಮೈದುನನದು. ಅಣ್ಣತಮ್ಮಂದಿರು ಭಾಗವಾದ ಮೇಲೆ ಬೋರ್‌ವೆಲ್ಲಿನ ನೀರಿನ ಸರದಿಗೆ ಜಗಳವಾಗಿ ಮಾತು ನಿಂತಿತ್ತು. ಅಂಗಳದ ನಡುವೆ ಗೋಡೆ ಎಬ್ಬಿಸಲು ನನ್ನ ಯಜಮಾನರು ಇಟ್ಟಿಗೆಯನ್ನೂ ಹೊಡೆಸಿದ್ದರು.

ನಾಲ್ಕು ವರ್ಷದ ಹಿಂದಿನ ಒಂದು ಭಾನುವಾರ. ಯಜಮಾನರು ಕಾರಿನ ಆಯಿಲ್ ನೋಡಲು ಹೋದವರು ಕಡ್ಡಿ ಹಿಡಿದುಕೊಂಡೇ ಒಳಗೆ ಬಂದರು. ಎಣ್ಣೆ ಮೇಲಿನ ಗೆರೆಯನ್ನೂ ದಾಟಿ ಏರಿತ್ತು. ಆಯಿಲ್ ಕಡಿಮೆಯಾಗುವುದು ಗೊತ್ತು, ತಾನಾಗಿ ಹೆಚ್ಚಾಗುವುದನ್ನು ನಾವು ಕೇಳಿರಲಿಲ್ಲ. ಮೂಸಿದರೆ ಘಾಟು ಪೆಟ್ರೋಲ್ ವಾಸನೆ. ಪೆಟ್ರೋಲ್ ಸೇರಿದ ಆಯಿಲ್ ನೀರಾಗಿ, ಇಂಜಿನ್ ಸವೆದು ಕೂರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಮತ್ತೊಂದು ಸಂಗತಿಯೂ ಅವರ ತಲೆಯಲ್ಲಿತ್ತು. ಎರಡು ದಿನದ ಕೆಳಗೆ ಬೆಳಗಿನ ಜಾವ ಮೈದುನ ಆ ಕಾರಿನ ಮುಂದೆ ಬಗ್ಗಿ ನಿಂತಿದ್ದನ್ನು ಅವರು ಕಿಟಕಿಯಿಂದ ನೋಡಿದ್ದರು. ಕೈಯಲ್ಲಿ ಕಳೆ ಕತ್ತರಿಸುವ ಮೆಷಿನ್ನಿನ ಪೆಟ್ರೋಲ್ ಕ್ಯಾನ್ ಇತ್ತು.

ಸೋಮವಾರ ಬೆಳಿಗ್ಗೆಯೇ ತಮ್ಮನ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಡುವುದೆಂದು ಅವರು ತೀರ್ಮಾನಿಸಿಬಿಟ್ಟರು. ಎತ್ತಿ ಆಡಿಸಿದ ತಮ್ಮ. ಮೇಸ್ತ್ರಿಗೆ ಒಂದು ಸಲ ತೋರಿಸೋಣ, ಆಮೇಲೆ ಎಲ್ಲಿಗಾದರೂ ಹೋಗಿ ಎಂದು ಕೈಮುಗಿದೆ. ಫೋನ್ ಮಾಡಿದರೆ ಮೇಸ್ತ್ರಿಗಳು ಕಾರನ್ನು ಸ್ಟಾರ್ಟ್ ಮಾಡಲೇಬೇಡಿ ಎಂದರು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದೆವು. ಯಜಮಾನರು ಟ್ರ್ಯಾಕ್ಟರಿನಲ್ಲಿ, ನಾನು ಕಾರಿನ ಸ್ಟೇರಿಂಗ್ ಹಿಡಿದು, ದಾರಿಯುದ್ದಕ್ಕೂ ಅವರ ಬೆನ್ನನ್ನೇ ನೋಡುತ್ತಾ.

ಮೇಸ್ತ್ರಿಗಳು ಕಡ್ಡಿ ಎಳೆದು ಮೂಸಿದರು. ಲಗ್ನಪತ್ರಿಕೆಯ ಹಿಂದೆ ಹೊಸ ಆಯಿಲಿನ ಒಂದು ತೊಟ್ಟು, ಪಕ್ಕದಲ್ಲಿ ನಮ್ಮ ಕಾರಿನದೊಂದು ತೊಟ್ಟು ಬಿಟ್ಟರು. ಹೊಸದು ಗುಂಡಗೆ ಅಲ್ಲೇ ಕೂತಿತು. ನಮ್ಮದು ಹರಡಿ ಹರಡಿ ಸುತ್ತ ತೆಳ್ಳನೆಯ ಬಳೆ ಕಟ್ಟಿತು.

"ಪೆಟ್ರೋಲ್ ಸೇರೈತೆ. ಅದ್ರಲ್ಲಿ ಡೌಟಿಲ್ಲ" ಎಂದರು.

ಸುರಿದವನು ಯಾರೆಂದು ತನಗೆ ಗೊತ್ತು, ತನ್ನ ತಮ್ಮನೇ ಎಂದರು ನನ್ನ ಯಜಮಾನರು.

ಮೇಸ್ತ್ರಿಗಳು ತಲೆ ಎತ್ತಿದರು. "ಸೇರೈತೆ ಅಂದೆ ಗೌಡ್ರೇ. ಸುರ್ದವ್ರೆ ಅನ್ನಲಿಲ್ಲ."

ಆಮೇಲೆ ನನ್ನನ್ನು ವಿಚಾರಿಸಿದರು. ದಿನಾ ಎಷ್ಟು ದೂರ ಓಡಿಸುತ್ತೀರಿ, ಮೈಲೇಜ್ ಬಿದ್ದಿದೆಯಾ, ಸ್ಟಾರ್ಟ್ ಮಾಡುವಾಗ ಕಪ್ಪು ಹೊಗೆ ಬರುತ್ತದಾ. ಮೂರೇ ಕಿಲೋಮೀಟರ್ ಎಂದೆ, ಉಳಿದ ಎರಡಕ್ಕೂ ಹೌದೆಂದೆ. ಅವರ ಮುಖ ನೋಡಿದರೆ ಉತ್ತರ ಸಿಕ್ಕಿದ ಹಾಗಿತ್ತು, ಆದರೂ ಒಂದು ವಾರ ಗಾಡಿ ಬಿಟ್ಟು ಹೋಗಲು ಹೇಳಿದರು.

"ಈಗ್ಲೇ ಬಿಚ್ಚಿ ತೋರಿಸ್ಬೋದು. ಆದ್ರೆ ಗಾಡೀನೂ ಕೆಟ್ಟಿತ್ತು, ಅವ್ನೂ ಸುರ್ದ ಅಂತ ನಿಮ್ ಮನ್ಸಲ್ಲಿ ಉಳ್ಕತದೆ. ವಾರ ಕಳೀಲಿ. ಅಲ್ಲೀಗಂಟ ಯಾರ್ಗೂ ಏನೂ ಅನ್ಬೇಡಿ."

ನಮ್ಮೆದುರೇ ಹಳೆಯ ಆಯಿಲ್ ಇಳಿಸಿ, ಹೊಸದನ್ನು ಗೆರೆಗೆ ಸರಿಯಾಗಿ ತುಂಬಿ, ಬೀಗ ಹಾಕಿ ಕೀಯನ್ನು ಜೇಬಿಗಿಟ್ಟುಕೊಂಡರು. ನಾನು ಓಡಿಸುವ ಹಾಗೆಯೇ ದಿನಕ್ಕೆರಡು ಸಲ ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸುತ್ತೇನೆ ಎಂದರು.

ಆ ವಾರ ನಾನು ಬಸ್ಸಿನಲ್ಲಿ ಶಾಲೆಗೆ ಹೋದೆ. ಅಂಗಳದಲ್ಲಿ ಓರಗಿತ್ತಿ ಎದುರಾದರೆ ಇಬ್ಬರೂ ನೆಲ ನೋಡುತ್ತಿದ್ದೆವು. ಗಾರೆಯವನು ಗೋಡೆಗೆ ಪಾಯ ಯಾವಾಗ ತೆಗೆಯಲಿ ಎಂದು ಎರಡು ಸಲ ಬಂದು ಹೋದ.

ಮುಂದಿನ ಭಾನುವಾರ ಮೇಸ್ತ್ರಿಗಳು ನಮ್ಮನ್ನು ಕರೆಸಿ, ಕಡ್ಡಿಯನ್ನು ಯಜಮಾನರ ಕೈಯಿಂದಲೇ ಎಳೆಸಿದರು. ಎಣ್ಣೆ ಗೆರೆಗಿಂತ ಎರಡು ಭತ್ತದ ಕಾಳಿನಷ್ಟು ಮೇಲಿತ್ತು. ಇವರು ಮೂಸಿದರು, ಒರೆಸಿ ಮತ್ತೆ ಅದ್ದಿ ಮೂಸಿದರು, ಅದೇ ಪೆಟ್ರೋಲ್ ವಾಸನೆ. ಮೇಸ್ತ್ರಿಗಳು ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ನಾಲ್ಕು ಇಂಜೆಕ್ಟರುಗಳನ್ನು ಸಾಲಾಗಿ ಹೊರತೆಗೆದು, ಒಂದು ಸಲ ಕೀ ತಿರುಗಿಸಿ ಆಫ್ ಮಾಡಿದರು. ಮೂರು ಒಣಗಿದ್ದವು. ನಾಲ್ಕನೆಯದರ ತುದಿಯಲ್ಲಿ ಹನಿ ಕೂಡಿತು, ಬಿತ್ತು, ಮತ್ತೆ ಕೂಡಿತು.

"ಆಫ್ ಮಾಡಿದ್ಮೇಲೂ ಇದು ತೊಟ್ಟಿಕ್ತಾ ಐತೆ" ಎಂದರು. "ದೂರ ಓಡಿ ಇಂಜಿನ್ ಕಾದಿದ್ರೆ ಒಸಿ ಆವಿಯಾಗೋದು. ಮೂರ್ ಕಿಲೋಮೀಟ್ರಿಗೆ ಏನ್ ಕಾಯ್ತದೆ? ಎಲ್ಲಾ ಕೆಳಕ್ಕೆ ಇಳ್ದು ಆಯಿಲ್‌ಗೆ ಸೇರ್ಕಬುಡ್ತು."

ಯಜಮಾನರು ಅಲ್ಲಿದ್ದ ಹಳೆಯ ಟೈರಿನ ಮೇಲೆ ಕೂತುಬಿಟ್ಟರು. ಎದೆಯ ಮೇಲಿನ ಕಲ್ಲು ಇಳಿದಂತಾಗಿ ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಇಂಜಿನ್ ಉಳಿಯಿತು ಎಂದಲ್ಲ.

ಟೀ ತರಿಸಿ ಮೇಸ್ತ್ರಿಗಳು ತಮ್ಮ ಒಂದು ಹಳೆಯ ಕಥೆ ಹೇಳಿದರು. ಹುಡುಗುಬುದ್ಧಿಯ ಕಾಲದಲ್ಲಿ ಒಬ್ಬರ ಟ್ರ್ಯಾಕ್ಟರಿನ ಆಯಿಲಿನಲ್ಲಿ ಡೀಸೆಲ್ ಕಂಡು, ಡ್ರೈವರನ ಕೈವಾಡ ಎಂದು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಿದ್ದರಂತೆ. ಟ್ರ್ಯಾಕ್ಟರಿನವರು ಡ್ರೈವರನನ್ನು ಅವತ್ತೇ ಕೆಲಸದಿಂದ ಬಿಡಿಸಿದರು. ತಿಂಗಳಾದ ಮೇಲೆ ನೋಡಿದರೆ ಡೀಸೆಲ್ ಪಂಪಿನ ಒಳಗಿನ ರಬ್ಬರ್ ಹರಿದು ಅಲ್ಲಿಂದ ಸೋರುತ್ತಿತ್ತು. ಆ ಡ್ರೈವರನನ್ನು ಹುಡುಕಿಕೊಂಡು ಕಬ್ಬಾಳಿಗೆ ಹೋಗಿ, ಅಲ್ಲಿಲ್ಲವೆಂದು ತಿಳಿದು, ಕೊನೆಗೆ ಬೈರಮಂಗಲದ ಒಂದು ತೋಟದಲ್ಲಿ ಕಂಡರಂತೆ. ಅವನು ಎಲ್ಲ ಕೇಳಿಸಿಕೊಂಡು ಒಂದು ಲೋಟ ಮಜ್ಜಿಗೆ ಕೊಟ್ಟ.

"ಬೈದಿದ್ರೆ ಚೆನ್ನಾಗಿತ್ತು" ಎಂದರು ಮೇಸ್ತ್ರಿಗಳು.

ಹೊಸ ಇಂಜೆಕ್ಟರ್ ಬರಲು ಎರಡು ದಿನ ಬೇಕಿತ್ತು. ಗಾಡಿ ಒಯ್ಯಲು ಅಣ್ಣತಮ್ಮ ಇಬ್ಬರೂ ಬರಬೇಕೆಂದು ಅವರು ಹಟ ಹಿಡಿದರು. ಅವತ್ತು ಸಂಜೆ ಬಸ್ಸಿಳಿದ ಯಜಮಾನರು ನಮ್ಮ ಬಾಗಿಲಿಗೆ ಬರದೆ ತಮ್ಮನ ಬಾಗಿಲಿಗೆ ಹೋದರು. ಒಳಗೆ ಏನು ಮಾತಾಯಿತೋ ನಾನು ಕೇಳಲಿಲ್ಲ. ಆಮೇಲೆ ಗೊತ್ತಾದದ್ದು ಇಷ್ಟು. ಆ ಬೆಳಗಿನ ಜಾವ ಕಳೆ ಕತ್ತರಿಸಲು ಕ್ಯಾನ್ ಹಿಡಿದು ಹೊರಟಾಗ ಕಾರಿನ ಕಡೆಯಿಂದ ಪೆಟ್ರೋಲ್ ವಾಸನೆ ಬಂದು, ಎಲ್ಲಾದರೂ ಸೋರುತ್ತಿದೆಯಾ ಎಂದು ಮೈದುನ ಬಗ್ಗಿ ನೋಡಿದ್ದ. ಅಣ್ಣನಿಗೆ ಹೇಳೋಣವೆಂದರೆ ಮಾತಿರಲಿಲ್ಲ.

ಎರಡು ದಿನದ ಮೇಲೆ ಇಬ್ಬರೂ ಹೋಗಿ ಕಾರು ತಂದರು. ಇಟ್ಟಿಗೆ ಮೈದುನನ ರೇಷ್ಮೆ ಹುಳುಮನೆಯ ನೆಲಕ್ಕೆ ಹೋಯಿತು. ನೀರಿನ ಸರದಿಗೆ ಈಗಲೂ ಆಗಾಗ ಜಗಳವಾಗುತ್ತದೆ. ಆದರೆ ಜೋರಾಗಿ, ಮುಖ ನೋಡಿಕೊಂಡೇ ಆಡುತ್ತಾರೆ.

ಹೋದ ವರ್ಷ ಮೇಸ್ತ್ರಿಗಳು ತೀರಿಕೊಂಡರು. ಎರಡೂ ಬಾಗಿಲಿನ ನಾಲ್ಕು ಜನವೂ ಒಂದೇ ಕಾರಿನಲ್ಲಿ ಮಣ್ಣಿಗೆ ಹೋದೆವು, ಓಡಿಸಿದ್ದು ಮೈದುನ. ಅವರ ಹೆಂಡತಿ ನಮ್ಮನ್ನು ಹಿಂದೆಂದೂ ಕಂಡವರಲ್ಲ. ಅಷ್ಟು ನೋವಿನಲ್ಲೂ ನನ್ನ ಕೈ ಹಿಡಿದು, "ಯಾರ ಕಡೇವ್ರವ್ವಾ ನೀವು?" ಎಂದು ಕೇಳಿದರು. ಗಾಡಿ ರಿಪೇರಿಗೆ ಬರುತ್ತಿದ್ದವರು ಎನ್ನಲು ನನಗೆ ನಾಲಿಗೆ ಬರಲಿಲ್ಲ.

ನನ್ನ ಹಿಂದೆ ನಿಂತಿದ್ದ ಮೈದುನ ಹೇಳಿದ, "ಒಂದೇ ಮನೆಯವ್ರು ಕಣವ್ವ ನಾವು. ನಿಮ್ ಯಜಮಾನ್ರಿಂದ."