ದೋಣಿಯ ಶಿಗೆಮಿತ್ಸುವಿಗೆ ಎರಡನೇ ಔಷಧಿ

ಯಾನಗಾವಾ ಊರಿನ ಕಾಲುವೆಗಳಲ್ಲಿ ಬಿದಿರಿನ ಗಳ ಊರಿ ದೋಣಿ ನಡೆಸುತ್ತಿದ್ದ ಎಗುಚಿ ಶಿಗೆಮಿತ್ಸು ಒಂದು ಕಡೆ ಕೂರುವ ಮನುಷ್ಯನಲ್ಲ. ಪ್ರವಾಸಿಗಳಿಗೆ ಹಾಡು ಹೇಳುತ್ತಾ, ಹಿತ್ತಿಲಲ್ಲಿ ಬಟ್ಟೆ ಒಣಹಾಕುವ ಹೆಂಗಸರನ್ನು ಮಾತಾಡಿಸುತ್ತಾ ಹೋಗುವುದೇ ಅವನ ಬದುಕು. ಅರವತ್ತು ದಾಟಿದ ಮೇಲೆ ಹೃದಯ ಸೋತಿತು. ಮೈಯಲ್ಲಿ ನೀರು ನಿಲ್ಲದಿರಲೆಂದು ಡಾಕ್ಟರು ಬೆಳಿಗ್ಗೆಗೊಂದು ಮಾತ್ರೆ ಕೊಟ್ಟರು. ನೀರು ಹಿಡಿತದಲ್ಲಿ ಕುಡಿಯಿರಿ, ಉಪ್ಪಿನಲ್ಲಿ ಊರಿಟ್ಟ ಸಾಸಿವೆ ಸೊಪ್ಪು ತಿನ್ನುವುದು ಬಿಡಿ ಅಂದರು.

ಮಾತ್ರೆ ನುಂಗಿದರೆ ಮೂತ್ರಕ್ಕೆ ಓಡುತ್ತಲೇ ಇರಬೇಕು. ದೋಣಿ ಹೊರಟರೆ ಗಂಟೆಗೂ ಮೇಲೆ ಇಳಿಯುವಂತಿಲ್ಲ. ಎರಡೂ ದಡದಲ್ಲಿ ಗುರುತಿನವರ ಹಿತ್ತಿಲು. ಬೆಳಗಿನ ಮಾತ್ರೆ ಸಂಜೆಗೆ ಜಾರಿತು, ಸಂಜೆಯದು ನಿದ್ದೆ ಕೆಡಿಸುತ್ತದೆಂದು ನಾಳೆಗೆ ಜಾರಿತು. ಕಾಲು ಬಾತವು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಮಡಿಸಿಟ್ಟ ಹಾಸಿಗೆಗೆ ಒರಗುವನು, ಏಳುವನು, ಕಿಟಕಿ ತೆರೆಯುವನು, ಮತ್ತೆ ಒರಗುವನು.

"ನಿಮ್ ಕಾಲ್ ನೋಡಿ ಮೂಲಂಗಿ ನಾಚ್ಕೊಬೇಕು," ಎಂದಳು ಹೆಂಡತಿ ಫುಸಾಯೆ. "ಮಾತ್ರೆ ತಗೊಂಡ್ರಾ?"

ತಗೊಂಡೆ ಎಂದು ಸುಳ್ಳು ಹೇಳಿದ.

ವಸಂತದ ಜನಜಂಗುಳಿಯ ದಿನ, ತಗ್ಗು ಸೇತುವೆಯಡಿ ಕುಕ್ಕರಿಸಿದವನಿಗೆ ಮೇಲೇಳಲಾಗಲಿಲ್ಲ. ಎದೆಯ ಮೇಲೆ ಯಾರೋ ಕೂತಂತಾಯಿತು. ದೋಣಿ ಅಡ್ಡ ತಿರುಗಿ ಕಲ್ಲುಗೋಡೆಗೆ ತಾಗಿತು. ಇದೂ ಆಟವೆಂದುಕೊಂಡು ಪ್ರವಾಸಿಗಳು ನಕ್ಕರು. ಹಿಂದಿನ ದೋಣಿಯವನು ಹಾರಿ ಬಂದು ಗಳ ಹಿಡಿದ.

ಆಸ್ಪತ್ರೆಯಲ್ಲಿ ನರಕ್ಕೆ ಅದೇ ಔಷಧಿಯನ್ನು ಚುಚ್ಚಿದರು. ಮಂಚಕ್ಕೆ ತೂಗುಹಾಕಿದ್ದ ಚೀಲದಲ್ಲಿ ಮಾತ್ರ ಮೂತ್ರ ತಳ ಬಿಟ್ಟು ಮೇಲೇರಲಿಲ್ಲ. ಅವನು ಅತ್ತ ಹೊರಳಿದ, ಇತ್ತ ಹೊರಳಿದ, ಮೂಗಿನ ಆಮ್ಲಜನಕದ ಕೊಳವೆ ಕಿತ್ತ. ಪರದೆಯಾಚೆ ಡಾಕ್ಟರುಗಳ ಮಾತು ಕೇಳುತ್ತಿತ್ತು. ಹಿರಿಯರಾದ ಮಿಯಹಾರಾ, ಇದೇ ಔಷಧಿ ಇನ್ನಷ್ಟು ಹೆಚ್ಚಿಸಿ ಎರಡು ದಿನ ನೋಡೋಣ, ಇನ್ನೊಂದು ಔಷಧಿಯನ್ನೂ ಜೊತೆಗೆ ಕೊಟ್ಟರೆ ರಕ್ತದ ಉಪ್ಪಿನಂಶ ಏರುಪೇರಾದೀತು ಎನ್ನುತ್ತಿದ್ದರು. ಕಿರಿಯಳಾದ ನೊಗಾಮಿ, ಹೆಚ್ಚಿಸಿಯೂ ಆಯಿತು, ಮೂತ್ರ ಬಂದಿಲ್ಲ, ಎರಡನೆಯದನ್ನು ಈಗಲೇ ಸೇರಿಸೋಣ ಎನ್ನುತ್ತಿದ್ದಳು.

ಫುಸಾಯೆ ಪರದೆ ಸರಿಸಿದಳು. "ಡಾಕ್ಟ್ರೇ, ಕಾಯೋದ್ರಿಂದ ಏನು ಸಿಗತ್ತೆ ಅಂತ ನಂಗೊಂಚೂರು ಹೇಳಿ. ಇವ್ರು ನನ್ ಕಣ್ಮುಂದೆ ಮುಳುಗ್ತಿದಾರೆ."

ಮಿಯಹಾರಾ ಬಂದು ಮಂಚದ ಚೀಲ ಎತ್ತಿ ನೋಡಿದರು. ಆಮೇಲೆ, ಕಡಿಮೆ ಪ್ರಮಾಣದಲ್ಲಿ ಕೊಡಿ, ಆಗಾಗ ರಕ್ತ ತೆಗೆದು ನೋಡುತ್ತಿರಿ ಎಂದರು.

ಎರಡನೇ ಔಷಧಿ ಬಿದ್ದ ಮೇಲೆ ಚೀಲ ತುಂಬತೊಡಗಿತು. ಜೊತೆಗೆ ನಾಲಿಗೆ ಒಣಗಿ ಮರಳಿನಂತಾಯಿತು.

"ಬಾಯಾರ್ತಿದ್ರೆ ಕುಡೀರಿ ಎಗುಚಿ-ಸಾನ್, ತಡೀಬೇಡಿ," ಎಂದಳು ನೊಗಾಮಿ.

"ಇಷ್ಟು ದಿನ ಕುಡೀಬೇಡ ಅಂತ ಪ್ರಾಣ ತಿಂದ್ರಿ, ಈಗ ಕುಡಿ ಅಂತೀರಿ. ಒಂದ್ಮಾತ್ ಹೇಳಿ."

"ಈ ಔಷಧಿ ಬರೀ ನೀರನ್ನೇ ಹೊರಗ್ ಹಾಕತ್ತೆ. ನೀವ್ ಕುಡೀದಿದ್ರೆ ರಕ್ತದಲ್ಲಿ ಉಪ್ಪೇರತ್ತೆ. ಈಗ ಕುಡೀಲೇಬೇಕು."

ಅವನು ಗಟಗಟನೆ ಕುಡಿದ. ಮರುದಿನ ತಲೆದಿಂಬು ತಗ್ಗಿಸಿ ಮಲಗಿದ, ಬಾವು ಇಳಿದು ಕಾಲಿನ ಚರ್ಮ ಸುಕ್ಕುಗಟ್ಟಿತು.

ಮನೆಗೆ ಬಂದಮೇಲೆ ಎರಡೂ ಮಾತ್ರೆ ಎದ್ದ ಕೂಡಲೇ ನುಂಗುವುದು, ದೋಣಿ ಮಧ್ಯಾಹ್ನದ್ದು ಮಾತ್ರ ಎಂದಾಯಿತು. ಫುಸಾಯೆ ಅವನ ಬಾಯಿ ತೆರೆಸಿ ನೋಡಿಯೇ ಸುಮ್ಮನಾಗುವಳು. ಬೆಳಗಿನ ಹೊತ್ತು ಕಳೆಯುವುದೇ ಅವನಿಗೆ ದೊಡ್ಡ ಪಾಡು. ಕಟ್ಟೆಯ ಮೇಲೆ ನಿಂತು ಪ್ರತಿ ದೋಣಿಯವನಿಗೂ ಗಳ ಹಿಡಿಯುವುದು ಹೇಗೆಂದು ಕೂಗಿ ಹೇಳುತ್ತಾನೆ, ನಡುವೆ ಶೌಚಾಲಯಕ್ಕೆ ಓಡುತ್ತಾನೆ, ಬಂದು ಮತ್ತೆ ಕೂಗುತ್ತಾನೆ.