ಮೊಳೆಗೆ ತಗಲಿಹಾಕಿದ ಹೆಸರು

ತೊಂಬತ್ತೆಂಟರಲ್ಲಿ ಗುಂಡ್ಲುಪೇಟೆಯ ಒಂದು ಸರ್ಕಾರಿ ಕಚೇರಿಗೆ ಕಂಪ್ಯೂಟರ್ ಬಂದಾಗ ಒಡೆದ ಈಡುಗಾಯಿಯ ಚೂರು ಸುಲ್ತಾನ್ ಬತ್ತೇರಿಯವರೆಗೂ ಹಾರಿತಂತೆ. ಅದನ್ನು ಮುಟ್ಟುವ ಭಾಗ್ಯ ದಿನಗೂಲಿ ಟೈಪಿಸ್ಟ್ ನೀಲಾವತಿಯದಾಯಿತು. ಚಾಮರಾಜನಗರದಿಂದ ಬಂದವರು ಅವಳ ಹೆಸರನ್ನು ಯಂತ್ರದೊಳಗೆ ಸೇರಿಸಿ, ಪಾಸ್‌ವರ್ಡ್ ಕೊಟ್ಟು, ಇದು ಯಾರಿಗೂ ಗೊತ್ತಾಗಬಾರದು ಎಂದು ಹೇಳಿಹೋದರು. ವರ್ಷವೊಂದು ತಪ್ಪಿಲ್ಲದೆ ನಡೆಸಿದರೆ ಕೆಲಸ ಖಾಯಂ ಎಂಬ ಮಾತೂ ಇತ್ತು. ನೀಲಾವತಿ ಆ ಮಾತನ್ನೇ ಉಂಡು, ಅದನ್ನೇ ಹೊದ್ದು ಮಲಗುತ್ತಿದ್ದಳು.

ಆದರೆ ಆ ಕಚೇರಿಯಲ್ಲಿ ಒಂದು ಪದ್ಧತಿ. ಬೀರುವಿನಿಂದ ಕಕ್ಕಸಿನವರೆಗೆ ಎಲ್ಲ ಬೀಗದಕೈಯೂ ಹುಲಿ ಏರಿ ಕೂತ ಮಾದಪ್ಪನ ಫೋಟೋ ಕೆಳಗಿನ ಮೊಳೆಯಲ್ಲಿ. ಮೊದಲು ಬಂದವರು ತೆಗೆದುಕೊಳ್ಳಬೇಕು. ಜೇಬಿಗಿಳಿಸಿದವನೇ ಕಳ್ಳ.

ನಾದಿನಿಯ ಸೀಮಂತಕ್ಕೆಂದು ಅವಳು ಚಂದಕವಾಡಿಗೆ ಹೊರಟಾಗ ಹೆಡ್‌ಕ್ಲರ್ಕ್ ಶಿವಸ್ವಾಮಿ ಕೂಗಿದರು: "ಪಾಸ್‌ವರ್ಡೂ ಮೊಳೆಗಾಕ್ಬುಟ್ಟು ಓಗಮ್ಮ. ನಾವೇನ್ ಕಳ್ರಾ?"

ನೀಲಾವತಿ ಅದನ್ನು ರಟ್ಟಿನ ಚೂರಿನ ಮೇಲೆ ಬರೆದು, ದಾರ ಕಟ್ಟಿ ತಗಲಿಹಾಕಿದಳು.

ಮುಂದಿನ ತಿಂಗಳು ವಿಧವಾ ವೇತನದ ಮೂಗಮ್ಮ ಬಾಗಿಲಲ್ಲಿ ನಿಂತಿದ್ದಳು. "ನನ್ನ ಯಾಕವ್ವ ಸಾಯಿಸ್ಬುಟ್ಟೆ? ಸತ್ತೋಗಿವ್ನಿ ಅಂತ ಪೆನ್ಸನ್ ನಿಲ್ಸವ್ರಲ್ಲ! ಸತ್ತೋಳು ಬಸ್ಸಲ್ಲಿ ಟಿಕೇಟ್ ತಗತಾಳಾ?"

ನೀಲಾವತಿ ಊರಲ್ಲಿಲ್ಲದ ದಿನ ಜವಾನನಿಂದ ಹಿಡಿದು ಇಡೀ ಕಚೇರಿ ಸರದಿಯಂತೆ ಕೂತು, ಅವಳ ಪಾಸ್‌ವರ್ಡ್ ಹಾಕಿ, ಕಂಪ್ಯೂಟರಿನ ಕೀಲಿಗಳನ್ನು ಒತ್ತಿ ನೋಡಿತ್ತು. ಪಿಂಚಣಿ ಪಟ್ಟಿಯಲ್ಲಿ ಮೂಗಮ್ಮನನ್ನು ಕೊಂದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಯಂತ್ರಕ್ಕೆ ಮಾತ್ರ ಗೊತ್ತಿತ್ತು: ನೀಲಾವತಿ.

ವಿಚಾರಣೆಗೆ ಜಿಲ್ಲಾ ಕಚೇರಿಯಿಂದ ಮರಿಮಲ್ಲಪ್ಪ ಸಾಹೇಬರು ಬಂದರು.

"ಅವತ್ತು ನಾ ರಜ ಸಾ. ರಜ ಚೀಟಿಗೆ ಶಿವಸ್ವಾಮಿ ಸಾರೇ ಸೈನ್ ಹಾಕವ್ರೆ."

"ರಜ ಹಾಕಿದ್ದೂ ನೀನೇ, ಕೆಲಸ ಮಾಡಿದ್ದೂ ನೀನೇ. ಕಂಪ್ಯೂಟ್ರು ಸುಳ್ಳು ಹೇಳ್ತದೇನಮ್ಮ?"

ರಜೆಯ ದಿನವೂ ಬಂದು ದುಡಿದ ಇನ್ನೊಬ್ಬ ನೌಕರ ಈ ಭೂಮಂಡಲದ ಸರ್ಕಾರಗಳಲ್ಲೇ ಇರಲಿಕ್ಕಿಲ್ಲ. ನೀಲಾವತಿ ಶಿವಸ್ವಾಮಿಯವರ ಕಡೆ ನೋಡಿದಳು. ಅವರು ಮಾದಪ್ಪನನ್ನು ನೋಡುತ್ತಿದ್ದರು. ಆ ಭಕ್ತಿಗೆ ಮಾದಪ್ಪ ನಾಚಿ ಹುಲಿಯಿಂದ ಇಳಿಯದಿದ್ದುದೇ ಹೆಚ್ಚು.

ಖಾಯಂ ಮಾತು ಅಲ್ಲಿಗೇ ಸತ್ತಿತು. ಅವಳನ್ನು ಜಗಲಿಗೆ ಹಾಕಿ, ಲಕೋಟೆಗೆ ಗೋಂದು ಹಚ್ಚುವ ಕೆಲಸ ಕೊಟ್ಟರು.

"ಹಂಗಾದ್ರೆ ನನ್ ಹೆಸ್ರ ಅದ್ರೊಳಗಿಂದ ತಗ್ಸಾಕಿ ಸಾ," ಎಂದು ಕೈಮುಗಿದಳು.

"ತೆಗೆಯೋದು ನಮಗ್ಯಾರಿಗೂ ಬರಲ್ಲಮ್ಮ. ಹಾಕಿದವನು ವರ್ಗವಾಗಿ ಹೋದ," ಎಂದರು ಸಾಹೇಬರು.

ಮೂಗಮ್ಮನನ್ನು ಮತ್ತೆ ಬದುಕಿಸಿದರು. ಅದೂ ನೀಲಾವತಿಯ ಹೆಸರಲ್ಲೇ. ರಟ್ಟಿನ ಚೂರು ಮೊಳೆಯಲ್ಲೇ ತೂಗುತ್ತಿತ್ತು. ಒಳಗೆ ಕೀಲಿಗಳು ಟಪಟಪ ಎಂದಾಗಲೆಲ್ಲ ಜಗಲಿಯಲ್ಲಿ ಅವಳ ಗೋಂದಿನ ಬೆರಳು ನಿಲ್ಲುತ್ತಿತ್ತು. ಈಗ ತಾನು ಯಾರನ್ನು ಏನು ಮಾಡುತ್ತಿರಬಹುದು?