ಬೀಗದಕ್ಕನ ಓರಗಿತ್ತಿ

ಖಾಲಿ ಕಟ್ಟಡಗಳನ್ನು ಕಾಯುವ ಕಂಪನಿಯಲ್ಲಿ ಅವಳನ್ನು ಎಲ್ಲರೂ ಬೀಗದಕ್ಕ ಎನ್ನುತ್ತಿದ್ದರು. ಸೊಂಟದಲ್ಲಿ ಸದಾ ಬೀಗದ ಕೈಗಳ ಗೊಂಚಲು. ಅವಳಿಗಿಂತ ಮೊದಲು ಅದರ ಸದ್ದೇ ಬರುತ್ತಿತ್ತು. ಮುಚ್ಚಿದ ಅಂಗಡಿ, ಮಾರಾಟಕ್ಕಿಟ್ಟ ಮನೆ, ಕೆಡವಲಿರುವ ಗೋದಾಮು ಕಾಯುವುದು, ಯಾರಾದರೂ ಒಳಹೊಕ್ಕು ಬೀಡುಬಿಟ್ಟಿದ್ದರೆ ಎಬ್ಬಿಸಿ ಕಳಿಸುವುದು ಅವಳ ಕೆಲಸ. ಗೇಟಿನಲ್ಲಿ ನಿಂತು ಒಮ್ಮೆ ಗದರಿದಳೆಂದರೆ ಎಂಥವರೂ ಗಂಟುಮೂಟೆ ಕಟ್ಟುತ್ತಿದ್ದರು.

ಮೈದುನನ ಹೆಂಡತಿಯನ್ನು ಅದೇ ಕೆಲಸಕ್ಕೆ ಸೇರಿಸಿದವಳೂ ಅವಳೇ. ಪಾಪದ ಹುಡುಗಿ, ನಾಲ್ಕು ದಿನ ನಿಂತರೆ ಹೆಚ್ಚು ಎಂದುಕೊಂಡಿದ್ದಳು.

ಅಷ್ಟರಲ್ಲಿ ಮುಚ್ಚಿದ ಸಿನಿಮಾ ಟಾಕೀಸೊಂದರ ಕಾವಲು ಬಂತು. ಅದರ ಟಿಕೆಟ್ ಕೋಣೆಯಲ್ಲಿ ಮುದುಕ ದರ್ಜಿಯೊಬ್ಬ ಹೊಲಿಗೆ ಯಂತ್ರ ಇಟ್ಟುಕೊಂಡು ಒಬ್ಬನೇ ವಾಸವಾಗಿದ್ದ. ಸೂರು ಕುಸಿಯುತ್ತಿತ್ತು, ಎಬ್ಬಿಸಲೇಬೇಕು. ಬೀಗದಕ್ಕ ವಾರವಿಡೀ ಗಂಟಲು ಹರಿದುಕೊಂಡಳು. ದರ್ಜಿ ಅವಳ ಮುಖಕ್ಕೇ ಬಾಗಿಲು ಹಾಕಿದ. ಓರಗಿತ್ತಿ ಹೋಗಿ, ಅವನ ಸೂಜಿಗೆ ದಾರ ಪೋಣಿಸಿಕೊಡುತ್ತ ಕೂತಳು. ಮಧ್ಯಾಹ್ನದೊಳಗೆ ಅವನು ತಂಗಿಯ ಮನೆಗೆ ಹೋಗಲು ಒಪ್ಪಿದ್ದ. ಯಂತ್ರದ ಒಂದು ತುದಿ ಅವನು, ಇನ್ನೊಂದು ತುದಿ ಇವಳು ಹಿಡಿದು ನಗುನಗುತ್ತ ಹೊರಬಂದರು.

"ನೋಡಿ ಕಲೀಬೇಕು," ಎಂದರು ಮ್ಯಾನೇಜರ್, ಎಲ್ಲರೆದುರಿಗೆ, ಬೀಗದಕ್ಕನ ಕಡೆಗೇ ತಿರುಗಿ.

ಹೊಟ್ಟೆಗೆ ಬೆಂಕಿ ಬಿತ್ತು. ಮನೆಯಲ್ಲೂ ಅತ್ತೆಗೆ ಕಿರಿಸೊಸೆಯದೇ ಜಪ. ಬೀಗದಕ್ಕ ಪಾತ್ರೆ ಕುಕ್ಕಿದಳು. "ಪಾತ್ರೆ ಏನ್ ಮಾಡ್ತು ನಿಂಗೆ?" ಎಂದು ಗಂಡ ನಕ್ಕ. ಆ ನಗೆಗೆ ಇನ್ನಷ್ಟು ಉರಿದಳು.

ಮುಂದೆ ಇಬ್ಬರಿಗೂ ಒಂದು ಹಳೇ ಮಹಡಿ ಮನೆ ಬಂತು. ಬೆಳಿಗ್ಗೆ ಬೀಗದಕ್ಕ ಒಬ್ಬಳೇ ಸುತ್ತು ಹಾಕುವಾಗ, ಮರದ ಮೆಟ್ಟಿಲಿನ ಮೇಲಿನ ಹಲಗೆ ಗೆದ್ದಲು ಹಿಡಿದು ಟೊಳ್ಳಾಗಿದ್ದದ್ದು ಕಂಡಿತ್ತು. ಓರಗಿತ್ತಿಗೆ ಹೇಳಬೇಕು ಎಂದುಕೊಂಡಿದ್ದಳು. ಅವಳು ಬರುತ್ತಲೇ ಮಹಡಿಯಲ್ಲಿ ಏನೋ ಸದ್ದಾಯಿತು.

"ಯಾರೋ ಇದಾರೆ ಅಕ್ಕ. ನೀವಿಲ್ಲೇ ಇರಿ, ನಾನು ಮಾತಾಡ್ತೀನಿ. ನೀವು ಕೂಗಿದ್ರೆ ಹೆದರ್ಕೋತಾರೆ."

ಮಾತು ಚುಚ್ಚಿತು. ಕಿರಿಯವಳು ಮೆಟ್ಟಿಲು ಹತ್ತುತ್ತಿದ್ದಳು. ಬೀಗದಕ್ಕ ಬಾಯಿ ತೆರೆಯಲಿಲ್ಲ. ಹೋಗಲಿ, ಒಂದು ಸಲ ಗೊತ್ತಾಗಲಿ ಎನ್ನಿಸಿತು. ಮರುಕ್ಷಣವೇ "ಏಯ್, ನಿಲ್ಲೇ!" ಎಂದು ಕಿರುಚಿದಳು. ಕೂಗಿಗೆ ಬೆಚ್ಚಿ ಓರಗಿತ್ತಿ ಮೆಟ್ಟಿಲಿನ ಕಂಬಿ ಹಿಡಿದುಕೊಂಡಳು, ಅಷ್ಟರಲ್ಲಿ ಹಲಗೆ ಮುರಿದು ಅವಳ ಕಾಲು ತೊಡೆಯವರೆಗೂ ಒಳಗಿಳಿದಿತ್ತು. ಮಹಡಿಯಲ್ಲಿದ್ದದ್ದು ಒಂದು ಬೆಕ್ಕು.

ಬೀಗದಕ್ಕನೇ ಅವಳನ್ನು ಎಳೆದು, ಬೆನ್ನ ಮೇಲೆ ಹೊತ್ತು ತಂದಳು. "ಅಕ್ಕ ಕೂಗದಿದ್ರೆ ಪೂರ್ತಿ ಕೆಳಗೇ ಬೀಳ್ತಿದ್ದೆ," ಎಂದು ಕಿರಿಯವಳು ಕಂಡಕಂಡವರಿಗೆಲ್ಲ ಹೇಳಿದಳು. ಮ್ಯಾನೇಜರ್ ಶಹಬ್ಬಾಸ್ ಎಂದರು. ಅತ್ತೆಯೂ ಹಿರಿಸೊಸೆಯನ್ನು ಬಾಯಿತುಂಬ ಹೊಗಳಿದರು. ಬಯಸಿದ್ದೆಲ್ಲ ಸಿಕ್ಕಿತ್ತು; ಒಂದೂ ಗಂಟಲಿನಿಂದ ಕೆಳಗಿಳಿಯಲಿಲ್ಲ.

ಒಂದು ಸಂಜೆ ಬೀಗದಕ್ಕ ಓರಗಿತ್ತಿಯ ಊದಿದ ಕಾಲಿಗೆ ಎಣ್ಣೆ ಹಚ್ಚುತ್ತ ಅಂದಳು: "ಆ ಹಲಗೆ ಹಾಳಾಗಿದ್ದು ನಂಗೆ ಮೊದ್ಲೇ ಗೊತ್ತಿತ್ತು ಕಣೇ. ನೀನು ಹತ್ತೋವಾಗ ಸುಮ್ನಿದ್ದೆ."

"ಯಾಕಕ್ಕ?"

"ಹೊಟ್ಟೆಕಿಚ್ಚು."

 ಓರಗಿತ್ತಿ ಕಾಲನ್ನು ಮೆಲ್ಲಗೆ ಎಳೆದುಕೊಂಡಳು. "ಎಣ್ಣೆ ಬಟ್ಟಲು ಅಲ್ಲಿಡಿ. ನಾನೇ ಹಚ್ಕೋತೀನಿ."

ಅವಳು ಯಾರ ಹತ್ತಿರವೂ ಬಾಯಿಬಿಡಲಿಲ್ಲ. ಕಾಲು ವಾಸಿಯಾದ ಮೇಲೆ ಕೇಳಿಕೊಂಡು ಬೇರೆ ಕಟ್ಟಡಕ್ಕೆ ಹೋದಳು. ಮನೆಯಲ್ಲಿ ಇಬ್ಬರೂ ಒಂದೇ ಒಲೆಯ ಮುಂದೆ ನಿಲ್ಲುತ್ತಾರೆ, ಉಪ್ಪು ಕೊಡಿ, ಉರಿ ಸಣ್ಣ ಮಾಡು ಎಂಬಷ್ಟು ಮಾತಾಡುತ್ತಾರೆ. ಅಕ್ಕ ಎಂದು ಮಾತ್ರ ಅವಳು ಮತ್ತೆ ಕರೆದಿಲ್ಲ. ಹೊಸ ಜಾಗದಲ್ಲೂ ಎಲ್ಲರೂ ಅವಳನ್ನೇ ಮೆಚ್ಚುತ್ತಾರಂತೆ. ಅದು ಕಿವಿಗೆ ಬಿದ್ದಾಗ ಬೀಗದಕ್ಕನೊಳಗೆ ಆ ಹೊಟ್ಟೆಕಿಚ್ಚು ಈಗಲೂ ಚುರ್ ಎನ್ನುತ್ತದೆ.